ಹಳೇದಾದ್ರೂ ಪರವಾಗಿಲ್ಲ

ರಿಪೇರಿ ಅಂಗಡಿಯ ಮಾವನವರಿಗೆ ಬಾಯಿ ಜೋರು, ಕೈ ಇನ್ನೂ ಚುರುಕು. ಅಂಗಡಿಯ ವೆಬ್‌ಸೈಟ್ ಸೊಸೆಯದು. ಡೇಟಾಬೇಸಿನ ಒಂದೇ ಸಾಲಿನಲ್ಲಿದ್ದ ಸಾಮಾನುಗಳ ಹೆಸರನ್ನು ಅವಳ ಪ್ರೋಗ್ರಾಮ್ ಅಲ್ಪವಿರಾಮ ಕಂಡಲ್ಲೆಲ್ಲ ಕತ್ತರಿಸಿ ಬುಕಿಂಗ್ ಫಾರ್ಮಿನ ಆಯ್ಕೆಪಟ್ಟಿಗೆ ತುಂಬುತ್ತಿತ್ತು. ಫ್ಯಾನು, ಇಸ್ತ್ರಿಪೆಟ್ಟಿಗೆ, ರೇಡಿಯೊ. ಒಂದು ದಿನ ನೋಡಿದರೆ ರೇಡಿಯೊದ ಕೆಳಗೆ ಇನ್ನೊಂದು ಆಯ್ಕೆ: ‘ಹಳೇದಾದ್ರೂ ಪರವಾಗಿಲ್ಲ’.

“ಮಾವ, ಇದ್ಯಾವ ಸಾಮಾನು?”

“ನಾನೇ ಹೋದ್ವಾರ ಸೇರಿಸ್ದೆ. ಹಳೇದನ್ನ ತರೋಕೆ ಜನ ನಾಚ್ಕೋತಾರೆ ಕಣಮ್ಮ.”

“ಅಲ್ಪವಿರಾಮ ಹಾಕಿದ್ರೆ ಅದೂ ಒಂದು ಸಾಮಾನಾಗುತ್ತೆ! ನನ್ನ ಕೆಲಸಕ್ಕೆ ಕೈ ಹಾಕ್ಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳೋದು?”

ಅಳಿಸುವ ಮೊದಲು, ಯಾರಾದರೂ ತಪ್ಪಿ ಅದನ್ನು ಆರಿಸಿದ್ದಾರೇನೋ ಎಂದು ಸಿಡಿಮಿಡಿಗುಟ್ಟುತ್ತಲೇ ಬಂದಿದ್ದ ಬುಕಿಂಗ್‌ಗಳನ್ನು ತೆರೆದಳು. ಅರ್ಧಕ್ಕರ್ಧ ಜನ ಆರಿಸಿದ್ದು ಅದನ್ನೇ.

ಸೊಸೆ ಅದನ್ನು ಪಟ್ಟಿಯ ಬುಡದಿಂದ ತಲೆಗೆ ಏರಿಸಿದಳು.