ಬಂಧಿತರ ಪಟ್ಟಿಯಲ್ಲಿ ಇಲ್ಲದ ತಮ್ಮಣ್ಣ

ಕಳೆದ ವರ್ಷ ದೀಪಾವಳಿಗೆ ಮುಂಚಿನ ಸೋಮವಾರ, ಶಹಾಪುರದ ಹಮಾಲಿ ತಮ್ಮಣ್ಣ ಲಾರಿಯ ಮೇಲೆ ಹೋದವರು ಮನೆಗೆ ಮರಳಲಿಲ್ಲ. ಅವರು ನಮ್ಮ ಓಣಿಯವರು. ಅವರ ಹೆಂಡತಿ ದೇವಮ್ಮ ಬುಧವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಔಷಧ ಅಂಗಡಿಯ ಸಣ್ಣ ಕವರಿನಲ್ಲಿ ಗುಳಿಗೆಗಳಿದ್ದವು.

ನಾನು ಯಾದಗಿರಿಯ ಒಂದು ಚಿಕ್ಕ ದಿನಪತ್ರಿಕೆಯಲ್ಲಿ ಸುದ್ದಿ ಟೈಪ್ ಮಾಡಿ ತಿದ್ದುವ ಕೆಲಸದಲ್ಲಿದ್ದೇನೆ. ದಿನವೂ ಶಹಾಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಓಣಿಯವರಿಗೆ ಅಷ್ಟು ಸಾಕು. ಯಾರದಾದರೂ ಅರ್ಜಿ ನಿಂತಿದ್ದರೆ, ಯಾರಾದರೂ ಕಾಣೆಯಾಗಿದ್ದರೆ, ನಮ್ಮ ಮನೆಗೆ ಬರುತ್ತಾರೆ.

"ಅಕ್ಕಾರ, ನೀವು ಪೇಪರಿನವರು. ನಮ್ಮ ಮನಿಯವರು ಎಲ್ಲಿ ಅದಾರಂತ ಖಬರ್ ತಗೀರಿ," ಎಂದರು ದೇವಮ್ಮ. "ಸುರಪುರ ರಸ್ತಾದಾಗ ಲಾರಿ ಹಿಡದಾರಂತ ಗಂಜ್‌ನಾಗ ಮಾತಾಡಾಕತ್ತಾರ. ಎರಡು ರಾತ್ರಿ ಆತು, ಅವರು ಗುಳಿಗಿ ತಗೊಂಡಿಲ್ರಿ."

ತಮ್ಮಣ್ಣನಿಗೆ ಮೂರ್ಛೆ ರೋಗ. ರಾತ್ರಿಯ ಗುಳಿಗೆ ತಪ್ಪಿದರೆ ಬೀಳುತ್ತಾರೆ. ಹಿಂದೊಮ್ಮೆ ಗಂಜ್ ಮಾರುಕಟ್ಟೆಯಲ್ಲಿ ಬೆನ್ನ ಮೇಲಿನ ಹತ್ತಿ ಚೀಲದ ಸಮೇತ ಬಿದ್ದಿದ್ದರು. ಆಮೇಲೆ ದೇವಮ್ಮ ಒಂದು ದಿನವೂ ಗುಳಿಗೆ ತಪ್ಪಿಸಿರಲಿಲ್ಲ.

ಮೊದಲು ಶಹಾಪುರದ ಠಾಣೆಗೆ ಹೋದೆವು. ಕೇಳುವ ಕ್ರಮ ನನಗೆ ಗೊತ್ತಿತ್ತು. ಬಂಧಿತರ ಹೆಸರನ್ನು ಠಾಣೆಯಲ್ಲಿ ಕಾಣುವಂತೆ ಹಾಕಬೇಕು, ಕೇಳಿದವರಿಗೆ ಹೇಳಬೇಕು. ಜಗಳ ಮಾಡದೆ, ಏರುದನಿ ಇಲ್ಲದೆ, ಅಷ್ಟನ್ನೇ ಕೇಳಬೇಕು. ಮೇಜಿನ ಹಿಂದೆ ಕುಳಿತಿದ್ದ, ಠಾಣೆಯ ದಾಖಲೆ ಬರೆಯುವ ರೈಟರ್ ಹೆಸರು ಕೇಳಿದರು. ನಾನೇ ಹೇಳಿದೆ, ತಮ್ಮಣ್ಣ ಎಂದು.

"ತಂದಿ ಹೆಸರು?"

ನನಗೆ ಗೊತ್ತಿರಲಿಲ್ಲ. ದೇವಮ್ಮನ ಕಡೆ ನೋಡಿದೆ.

"ಅವರು ಈಗಿಲ್ರಿ. ಸತ್ತು ಭಾಳ ದಿನ ಆತು," ಎಂದರು ದೇವಮ್ಮ.

"ಅವರು ಸತ್ತ್ರ ಹೆಸರೂ ಸಾಯ್ತದೇನವ್ವಾ?"

ದೇವಮ್ಮ ಮುಖ ಆ ಕಡೆ ತಿರುಗಿಸಿದರು. ರಾತ್ರಿಯಿಡೀ ನಿದ್ದೆ ಇಲ್ಲದವರು, ಮಾತಾಡುವ ತ್ರಾಣವಿಲ್ಲ ಎಂದುಕೊಂಡೆ. ರೈಟರ್ ಕೂಡ ಮತ್ತೆ ಕೇಳಲಿಲ್ಲ. ತಮ್ಮಲ್ಲಿ ಆ ಹೆಸರಿನವರು ಇಲ್ಲ, ಲಾರಿ ಎಲ್ಲಿ ಹಿಡಿದಿದ್ದಾರೋ ಅಲ್ಲಿ ಕೇಳಿ ಎಂದರು.

ಸುರಪುರದ ಬಸ್ಸು ಹತ್ತಿದೆವು. ಲಾರಿ ಹಿಡಿದದ್ದು ಆ ಕಡೆಯ ಒಂದು ಠಾಣೆಯವರು. ಪಡಿತರ ಅಕ್ಕಿಯನ್ನು ಕದ್ದು ಸಾಗಿಸುತ್ತಿದ್ದ ಲಾರಿ. ಗೋಡೆಯ ಬೋರ್ಡಿನಲ್ಲಿ ಬಂಧಿತರ ಮೂರು ಹೆಸರಿದ್ದವು. ಎದುರು ನಿಂತು ಮೂರನ್ನೂ ಓದಿದೆ. ಹಿಂದಿನ ದಿನ ಸಂಜೆ ಪೊಲೀಸರ ಪ್ರಕಟಣೆಯಲ್ಲಿ ಬಂದ ಅವೇ ಹೆಸರುಗಳನ್ನು ನಾನೇ ಟೈಪ್ ಮಾಡಿದ್ದೆ. ಅವುಗಳಲ್ಲಿ ತಮ್ಮಣ್ಣ ಇರಲಿಲ್ಲ. ಮೊಬೈಲಿನಲ್ಲಿ ಇಲಾಖೆಯ ಜಾಲತಾಣ ತೆರೆದು ಎಫ್‌ಐಆರ್ ನೋಡಿದೆ. ಅಲ್ಲಿಯೂ ಅವೇ ಮೂರು. ದೇವಮ್ಮ ನನ್ನ ಪಕ್ಕದಲ್ಲೇ ನಿಂತು, ಒಮ್ಮೆ ಬೋರ್ಡನ್ನು, ಒಮ್ಮೆ ನನ್ನ ಮುಖವನ್ನು ನೋಡುತ್ತಿದ್ದರು. ಅವರಿಗೆ ಓದಲು ಬರುವುದಿಲ್ಲ.

"ಇಲ್ಲ ದೇವಮ್ಮ," ಎಂದೆ.

ಆ ಮೂವರನ್ನು ಮಂಗಳವಾರವೇ ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ಯಾದಗಿರಿಯ ಜೈಲಿಗೆ ಕಳಿಸಿ ಆಗಿತ್ತು. ಅವರನ್ನು ಹಿಡಿದಿದ್ದ ಸಿಬ್ಬಂದಿ ಬಂದೋಬಸ್ತ್ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ಮೇಜಿನ ಬಳಿ ಇದ್ದ ಮಹಿಳಾ ಕಾನ್‌ಸ್ಟೆಬಲ್ ಫೋಟೊ ಇದೆಯೇ ಎಂದು ಕೇಳಿದಳು. ನಾವು ತಂದಿರಲಿಲ್ಲ. ಅವಳು ನನ್ನನ್ನು ಬದಿಗೆ ಕರೆದು ಹೇಳಿದಳು:

"ಮೇಡಂ, ಲಾರಿ ನಿಲ್ಲಿಸಿದಾಗ ಒಬ್ಬಾಂವ ಇಳದು ಕಾಲುವಿ ಕಡಿ ಓಡ್ಯಾನಂತ. ಕತ್ತಲದಾಗ ಸಿಕ್ಕಿಲ್ಲ. ಈಗ ಕಾಲುವಿ ತುಂಬ ನೀರು ಬಿಟ್ಟಾರ. ನೀವು ಒಂದು ಕಾಣಿ ಆದ ಕಂಪ್ಲೇಂಟ್ ಕೊಟ್ಟುಬಿಡ್ರಿ."

ಅವಳು ಮೆಲ್ಲಗೆ ಹೇಳಿದ್ದರೂ ದೇವಮ್ಮನಿಗೆ ಕೇಳಿಸಿತ್ತು. ಅವರು ಬೆಂಚಿನ ಮೇಲೆ ಕೂತರು. ಅಳಲಿಲ್ಲ. "ಓಡಿದ್ರ ಬೀಳ್ತಾರ," ಎಂದರು. ಮತ್ತೆ ಅದನ್ನೇ ಹೇಳಿದರು. ಹಮಾಲರನ್ನು ಲಾರಿಗೆ ಕಳಿಸುವ ಮೇಸ್ತ್ರಿಗೆ ನಾನು ನಾಲ್ಕಾರು ಸಲ ಫೋನ್ ಮಾಡಿದೆ. ಸ್ವಿಚ್ ಆಫ್ ಆಗಿತ್ತು.

ವಾಪಸ್ ಬರುವಾಗ ಬಸ್ಸು ಕಾಲುವೆಯ ಮೇಲೆ ಹಾದುಹೋಯಿತು. ಎರಡೂ ಬದಿಗೆ ಭತ್ತದ ಗದ್ದೆ, ನಡುವೆ ದಡದ ಮಟ್ಟಕ್ಕೆ ಹರಿಯುವ ನೀರು. ದೇವಮ್ಮ ಕಿಟಕಿಯ ಪಕ್ಕದ ಸೀಟು ಬಿಟ್ಟು ಈ ಕಡೆ ಬಂದು ಕುಳಿತರು.

ಗುರುವಾರ ನಾನು ಕೆಲಸಕ್ಕೆ ರಜೆ ಹಾಕಿದೆ. ದೇವಮ್ಮ ಮದುವೆಯ ಫೋಟೊ ತಂದಿದ್ದರು. ಅದರಲ್ಲಿ ಬಾಸಿಂಗ ಕಟ್ಟಿದ ಬಡಕಲು ಹುಡುಗನೊಬ್ಬ ನೆಲ ನೋಡುತ್ತಿದ್ದ. ಅದನ್ನು ಹಿಡಿದು ಯಾರನ್ನೂ ಗುರುತಿಸುವಂತಿರಲಿಲ್ಲ. ಯಾದಗಿರಿಯಲ್ಲಿ ಇಳಿದ ಮೇಲೆ ಮೊದಲು ಆಸ್ಪತ್ರೆಯ ಶವಾಗಾರಕ್ಕೆ ಹೋಗಬೇಕಾಗಿತ್ತು. ಹೋದೆವು. ದೇವಮ್ಮನನ್ನು ಬೇವಿನ ಮರದ ಕೆಳಗೆ ಕೂರಿಸಿ ನಾನೇ ಒಳಗೆ ಕೇಳಿದೆ. ಕಾಲುವೆಯಲ್ಲಿ ಸಿಕ್ಕ ಹೆಣ ಯಾವುದೂ ಬಂದಿರಲಿಲ್ಲ. ಹೊರಗೆ ಬಂದು ತಲೆ ಅಲ್ಲಾಡಿಸಿದೆ. ದೇವಮ್ಮ ಎದ್ದು ಸೀರೆಗೆ ಅಂಟಿದ ಮಣ್ಣು ಕೊಡವಿಕೊಂಡರು.

ಕಾಣೆಯಾದ ದೂರು ಕೊಡುವ ಮೊದಲು ಜೈಲಿನಲ್ಲೂ ಒಮ್ಮೆ ಕೇಳೋಣ ಎಂದೆ. ಅಲ್ಲಿ ಇರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಯಾವುದೇ ಸುದ್ದಿಯನ್ನು ಇಲ್ಲ ಎನ್ನುವ ಮುನ್ನ ಉಳಿದ ಕಡೆಯೂ ಕೇಳಿ ಮುಗಿಸಬೇಕು. ನಮ್ಮ ಕೆಲಸದಲ್ಲಿ ಅದೊಂದು ರೂಢಿ.

ಜೈಲಿನ ಹೊರಗಿನ ಕಿಟಕಿಯಲ್ಲಿ ಮುಲಾಖತ್‌ಗೆ, ಅಂದರೆ ಕೈದಿಗಳ ಭೇಟಿಗೆ, ಹೆಸರು ಬರೆಸುವವರ ಸಾಲು ಇತ್ತು. ಹೆಚ್ಚಿನವರು ಹೆಂಗಸರು. ಬಿಸಿಲು ನೆತ್ತಿಗೆ ಬಂದಿತ್ತು. ನಮ್ಮ ಹಿಂದೆ ಗುರುಮಠಕಲ್ ಕಡೆಯ ಒಬ್ಬ ಮುದುಕಿ ಮಗನನ್ನು ನೋಡಲು ಬಂದು, ಚಪ್ಪಲಿಯನ್ನು ಸಾಲಿನಲ್ಲಿಟ್ಟು ಗೋಡೆಯ ನೆರಳಿಗೆ ಕುಳಿತಿದ್ದಳು. ಕಿಟಕಿಯ ಒಳಗಿನ ಸಿಬ್ಬಂದಿಯ ದನಿ ಕೇಳಿದರೇ ಅವರಿಗೂ ಸಾಕಾಗಿದೆ ಎಂದು ತಿಳಿಯುತ್ತಿತ್ತು.

"ಹೆಸರು?"

"ತಮ್ಮಣ್ಣ."

"ಯಾವ ಠಾಣಿ? ಕೇಸ್ ನಂಬರ್?"

ಅಕ್ಕಿ ಲಾರಿಯ ಪ್ರಕರಣದ ನಂಬರು ಹೇಳಿದೆ. ಅವರು ಕಂಪ್ಯೂಟರ್ ನೋಡಿದರು. "ಈ ಕೇಸಿನಾಗ ಮೂರು ಮಂದಿ ಅದಾರ. ತಮ್ಮಣ್ಣ ಅಂತ ಯಾರೂ ಇಲ್ಲ ನೋಡ್ರಿ. ಆಧಾರ್‌ನಾಗ ಏನಂತ ಅದ? ನಮಗ ಅದು ಬೇಕು. ಓಣ್ಯಾಗ ಕರಿಯೋ ಹೆಸರು ತಗೊಂಡು ನಾ ಏನು ಮಾಡ್ಲಿ?"

ನಾನು ದೇವಮ್ಮನ ಕಡೆ ತಿರುಗಿದೆ. "ಅವರಿಗೆ ಮತ್ತೊಂದು ಹೆಸರು ಅದ ಏನು?"

"ಅದರಿ," ಎಂದರು ದೇವಮ್ಮ.

"ಏನದು?"

ಅವರು ಸೆರಗನ್ನು ಹಣೆಯ ತನಕ ಎಳೆದುಕೊಂಡು ನೆಲ ನೋಡಿದರು.

"ಹೇಳವ್ವಾ ಜಲ್ದಿ, ಹಿಂದ ಮಂದಿ ನಿಂತದ," ಎಂದರು ಸಿಬ್ಬಂದಿ.

ನೆರಳಿನಲ್ಲಿದ್ದ ಮುದುಕಿ ಅಲ್ಲಿಂದಲೇ ಕೂಗಿದಳು. "ಸಾಹೇಬ್ರ, ಗಂಡನ ಹೆಸರು ಆಕಿ ಬಾಯಾಗ ಹ್ಯಾಂಗ ತರ್ತಾಳ್ರಿ? ನಿಮ್ಮ ಮನ್ಯಾಗಿನಕಿ ತರ್ತಾಳೇನು?"

"ನಮ್ಮಾಕಿ ಹೆಸರು ಹಿಡದೇ ಬೈತಾಳ ಬೇ," ಎಂದರು ಅವರು. ಸಾಲಿನಲ್ಲಿ ಕೆಲವರು ನಕ್ಕರು.

ಮುದುಕಿ ಎದ್ದು ದೇವಮ್ಮನ ಬಳಿ ಬಂದಳು. "ಒಡಪು ಹಾಕಿ ಹೇಳು ತಂಗಿ. ಮದುವ್ಯಾಗ ಹೇಳಿಲ್ಲೇನು? ಒಡಪಿನಾಗ ಹೇಳಿದ್ರ ದೋಷ ಇಲ್ಲ. ನಾ ಹೇಳಾಕತ್ತೀನಿ, ಹೇಳು."

ನಮ್ಮ ಕಡೆ ಹೊಸ ಮದುಮಗಳನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸುತ್ತಾರೆ. ಗಂಡನ ಹೆಸರನ್ನು ಒಂದು ಪ್ರಾಸದ ಮಾತಿನಲ್ಲಿ ಸೇರಿಸಿ ಹೇಳಿದರೇ ಒಳಗೆ ಬಿಡುವುದು. ಅದೇ ಒಡಪು. ದೇವಮ್ಮ ಕಿಟಕಿಯ ಸರಳನ್ನು ಹಿಡಿದುಕೊಂಡರು. ಗುಳಿಗೆಯ ಕವರು ಇನ್ನೊಂದು ಕೈಯಲ್ಲೇ ಇತ್ತು. ಒಂದೇ ಉಸಿರಿನಲ್ಲಿ ಹೇಳಿದರು:

"ಬಿಳಿ ಹತ್ತಿ ಬಿಡಿಸಿ ತುಂಬೇನಿ ದೊಡ್ಡ ಚೀಲ, ಹಯ್ಯಾಳಪ್ಪನವರ ಹೆಸರ ಹೇಳತೀನಿ ಕೇಳ್ರಿ ಎಲ್ಲ."

ಈ ಸಲ ಯಾರೂ ನಗಲಿಲ್ಲ. ಸಿಬ್ಬಂದಿ ಪರದೆಯತ್ತ ಬಗ್ಗಿದರು.

"ಹಯ್ಯಾಳಪ್ಪ. ಅದಾನ," ಎಂದರು. "ತಲಿಗಿ ಹೊಲಿಗಿ ಹಾಕ್ಯಾರ."

ಸುರಪುರ ಕಡೆಯ ಆ ಠಾಣೆಯ ಬೋರ್ಡಿನ ಮೂರನೆಯ ಹೆಸರು ಹಯ್ಯಾಳಪ್ಪ. ನಾನು ಟೈಪ್ ಮಾಡಿದ ಸುದ್ದಿಯಲ್ಲೂ ಅದೇ ಮೂರನೆಯದು.

ಆಮೇಲೆ ತಿಳಿದದ್ದು ಇಷ್ಟು. ಮಂಗಳವಾರ ರಾತ್ರಿ ಜೈಲಿನಲ್ಲಿ ತಮ್ಮಣ್ಣನಿಗೆ ಮೂರ್ಛೆ ಬಂದು ತಲೆ ಗೋಡೆಗೆ ಬಡಿದಿತ್ತು. ಆಸ್ಪತ್ರೆಗೆ ಒಯ್ದು ಹೊಲಿಗೆ ಹಾಕಿಸಿ ಕರೆತಂದಿದ್ದರು. ಮೊದಲು ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದೆ ಎಂದು ವೈದ್ಯರು ಕೇಳಿದಾಗ "ಬಿಳೇದು" ಎಂದಷ್ಟೇ ಹೇಳಿದ್ದರಂತೆ. ಬಂಧಿಸಿದಾಗ ಮನೆಯವರಿಗೆ ತಿಳಿಸಲು ಅವರು ಕೊಟ್ಟಿದ್ದು ಮೇಸ್ತ್ರಿಯ ನಂಬರು. ಪೊಲೀಸರು ಮೇಸ್ತ್ರಿಗೆ ತಿಳಿಸಿದ್ದರು. ಅವನು ತನ್ನನ್ನೂ ಹಿಡಿದಾರೆಂದು ಹೆದರಿ ಫೋನ್ ಬಂದ್ ಮಾಡಿಕೊಂಡಿದ್ದ. ಕಾಲುವೆಯ ಕಡೆ ಓಡಿದ್ದವನು ಲಾರಿಯ ಕ್ಲೀನರ್; ಮುಂದಿನ ವಾರ ತಾನಾಗಿ ಠಾಣೆಗೆ ಬಂದ.

ಕಿಟಕಿಯವರು ಗುಳಿಗೆಗಳನ್ನು ನೇರವಾಗಿ ಒಳಗೆ ಬಿಡುವಂತಿಲ್ಲ ಎಂದರು. ವೈದ್ಯರ ಚೀಟಿಯೂ ಅದೇ ಕವರಿನಲ್ಲಿತ್ತು. ಅದನ್ನು ನೋಡಿ ಒಳಗಿನ ವೈದ್ಯರಿಗೆ ಫೋನ್ ಮಾಡಿದರು. ಅವರು ಒಪ್ಪಿದ ಮೇಲೆ ಕವರು ಒಳಗೆ ಹೋಯಿತು.

ಮುಲಾಖತ್‌ನಲ್ಲಿ ಜಾಲರಿಯ ಆಚೆ ತಮ್ಮಣ್ಣ, ಈಚೆ ದೇವಮ್ಮ. ತಮ್ಮಣ್ಣನ ತಲೆಗೆ ಪಟ್ಟಿ ಕಟ್ಟಿತ್ತು.

"ಗುಳಿಗಿ ಕೊಟ್ಟೀನಿ," ಎಂದರು ದೇವಮ್ಮ.

"ಉಂಡಿಯೋ ಇಲ್ಲೋ ನೀ?" ಎಂದು ಕೇಳಿದರು ತಮ್ಮಣ್ಣ. "ಇಷ್ಟು ತಡ ಯಾಕ ಮಾಡಿದಿ?"



ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, ಮೊದಲೇ ನನ್ನ ಹತ್ತಿರ ಯಾಕೆ ಹೇಳಲಿಲ್ಲವೆಂದು. ಕಿವಿಯಲ್ಲಿ ಹೇಳಬಹುದಿತ್ತಲ್ಲ ಎಂದೆ.

"ನೀವು ತಮ್ಮಣ್ಣ ಅಂದ್ರಿ. ಊರೆಲ್ಲಾ ಹಂಗೇ ಕರೀತದ. ಪೊಲೀಸರಿಗೂ ಅದೇ ಗೊತ್ತಿರ್ತದ ಅಂದುಕೊಂಡೆ," ಎಂದರು. "ಆ ಹೆಸರು ಅವರ ಮುತ್ಯಾಂದ್ರಿ. ಅವರ ಅವ್ವಗ ಅದು ಮಾವನ ಹೆಸರು, ಆಕಿ ಹ್ಯಾಂಗ ಕರೀಬೇಕು? ತಮ್ಮಾ, ತಮ್ಮಾ ಅಂತಿದ್ಲು. ಅದೇ ಉಳೀತು. ನನಗ ಗಂಡನ ಹೆಸರಾತು. ಮದುವಿ ದಿನ ಹೇಳಿದ್ದೆ, ಇವತ್ತು ಹೇಳೀನಿ."

ಆ ಮನೆಯ ರೇಷನ್ ಕಾರ್ಡಿನಲ್ಲಿ ಹಯ್ಯಾಳಪ್ಪ ಎಂದೇ ಇದೆ. ಎರಡು ದಿನ ನಾವು ಯಾರೂ ಅದನ್ನು ತೆಗೆದು ನೋಡಿರಲಿಲ್ಲ.

ನ್ಯಾಯಾಲಯದ ಆವರಣದಲ್ಲಿ ಉಚಿತ ಕಾನೂನು ನೆರವಿನ ಕಚೇರಿ ಇದೆ. ಅಲ್ಲಿ ಅರ್ಜಿ ಕೊಟ್ಟ ಮೇಲೆ ವಕೀಲರೊಬ್ಬರನ್ನು ಒದಗಿಸಿದರು. ಎಫ್‌ಐಆರ್ ಪ್ರತಿ ಜಾಲತಾಣದಲ್ಲೇ ಸಿಕ್ಕಿತು. ಜೈಲಿಗೆ ಕಳಿಸಿದ ಆದೇಶದ ದೃಢೀಕೃತ ನಕಲಿಗೆ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕಾಯಿತು. ಅದಕ್ಕಾಗಿ ಹಲವು ಸಲ ಓಡಾಡಿದೆವು. ದೀಪಾವಳಿ ಮುಗಿದ ಮೇಲೆ ಜಾಮೀನು ಸಿಕ್ಕಿತು.

ಅದಾದ ಮೇಲೂ ಓಣಿಯವರು ಇಂಥ ಕೆಲಸಕ್ಕೆ ನನ್ನ ಬಳಿ ಬಂದಿದ್ದಾರೆ. ಮೊದಲು ಆಧಾರ್ ಅಥವಾ ರೇಷನ್ ಕಾರ್ಡ್ ತನ್ನಿ ಎನ್ನುತ್ತೇನೆ. ಠಾಣೆಯಲ್ಲಿ ಬೋರ್ಡಿನ ಮುಂದೆ ನಿಂತರೆ, ಮನಸ್ಸಿನಲ್ಲಿ ಓದುವುದಿಲ್ಲ. ಜೊತೆಗೆ ಬಂದವರಿಗೆ ಕೇಳುವಂತೆ ಎಲ್ಲ ಹೆಸರುಗಳನ್ನೂ ಜೋರಾಗಿ ಓದುತ್ತೇನೆ. ಠಾಣೆಯವರು ಒಮ್ಮೊಮ್ಮೆ ತಲೆ ಎತ್ತಿ ನೋಡುತ್ತಾರೆ.

ಪ್ರಕರಣ ಇನ್ನೂ ನಡೆಯುತ್ತಿದೆ. ಕಳೆದ ತಿಂಗಳ ವಿಚಾರಣೆಯ ವಾಯ್ದೆಗೆ ನಾನೂ ಹೋಗಿದ್ದೆ. ನ್ಯಾಯಾಲಯದ ಪಡಸಾಲೆಯಲ್ಲಿ ಜವಾನ ಬಾಗಿಲಿಗೆ ಬಂದು "ಹಯ್ಯಾಳಪ್ಪ!" ಎಂದು ಕೂಗಿದ. ತಮ್ಮಣ್ಣ ಬೆಂಚಿನ ಮೇಲೆ ಕೂತೇ ಇದ್ದರು. ಜವಾನ ಎರಡನೇ ಸಲ ಕೂಗಿದ. ದೇವಮ್ಮ ಮೊಣಕೈಯಿಂದ ಗಂಡನ ಪಕ್ಕೆಗೆ ತಿವಿದು, "ನಿಮ್ಮನ್ನೇರಿ," ಎಂದರು. ತಮ್ಮಣ್ಣ ಎದ್ದು ಒಳಗೆ ಹೋದರು. ಮುಂದಿನ ವಾಯ್ದೆ ಕೊಟ್ಟಿದ್ದಾರೆ.