ಗೆರೆ ಡಾಕ್ಟರು ಕಾಯದ ಹೊತ್ತು

ನನ್ನ ಭಾವನಿಗೆ ಕಾರ್ಖಾನೆಯಲ್ಲಿ ಗೆರೆ ಡಾಕ್ಟರು ಎಂದು ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಗೆ ಮಾತ್ರ ಬೇಕಾಗುತ್ತಿತ್ತು. ಔಷಧಿಯ ಸೀಸೆಗಳಿಗೆ ಮುಚ್ಚಳ ಹಾಕಿ ರಟ್ಟಿನ ಡಬ್ಬಿಗೆ ತುಂಬುವ ಕಾರ್ಖಾನೆ ಅದು. ಅಲ್ಲಿ ಯಾವ ಯಂತ್ರ ಮುನಿಸಿಕೊಂಡರೂ ಭಾವ ತಮ್ಮ ಆಸಿಲೋಸ್ಕೋಪನ್ನು ತಳ್ಳುಗಾಡಿಯ ಮೇಲಿಟ್ಟುಕೊಂಡು ಬರುತ್ತಿದ್ದರು. ಅಂಗೈಯಗಲದ ಹಸಿರು ಪರದೆ, ಪಕ್ಕದಲ್ಲಿ ಸಾಲಾಗಿ ತಿರುಗಿಸುವ ಗುಂಡಿಗಳು. ಬೆಳಕಿನ ಚುಕ್ಕೆಯೊಂದು ಎಡದಿಂದ ಬಲಕ್ಕೆ ಓಡುತ್ತಾ, ತಂತಿಯೊಳಗೆ ವಿದ್ಯುತ್ತು ಏರುವುದನ್ನು, ಇಳಿಯುವುದನ್ನು ಆ ಪರದೆಯ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ನಾನು ಅಲ್ಲೇ ಸ್ಟೋರಿನಲ್ಲಿ ಬೆಲ್ಟು, ಬೋಲ್ಟು ಕೊಡುವವನು. ನನ್ನ ಅಕ್ಕ ಮುಚ್ಚಳದ ಯಂತ್ರ ನಡೆಸುವವಳು. ಇಡೀ ಸಂಸಾರ ಒಂದೇ ಗೇಟಿನೊಳಗೆ ಎಂದು ವಾಚ್‌ಮನ್ ತಮಾಷೆ ಮಾಡುತ್ತಿದ್ದ.

ಮದುವೆಯಾದ ಹೊಸದರಲ್ಲಿ ಅಕ್ಕ ಊಟದ ಬಿಡುವಿನಲ್ಲಿ ಮೆಟ್ಟಿಲ ಕೆಳಗಿನ ಅವರ ಕೋಣೆಗೆ ಹೋಗಿ ಕೂರುತ್ತಿದ್ದಳು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಕೋಣೆ, ಮೂಗಿಗೆ ಅಡರುವ ಬೆಸುಗೆಯ ಹೊಗೆ. ಹೊಸ ಗಂಡ ಹೆಂಡತಿ ಮಾತಾಡಲು ಬೇರೆ ವಿಷಯವೇ ಇರಲಿಲ್ಲವೇನೋ, ಭಾವ ಅವಳಿಗೆ ಪಾಠ ಮಾಡುತ್ತಿದ್ದರು.

"ಹಗ್ಗದಾಟ ಆಡಿದ್ದೀಯಲ್ಲ? ಇಬ್ಬರು ತಿರುಗಿಸ್ತಿರೋ ಹಗ್ಗದೊಳಗೆ ಯಾವಾಗ ನುಗ್ತಿದ್ದೆ?"

"ಹಗ್ಗ ಮೇಲಕ್ಕೆ ಹೋದಾಗ."

"ಪ್ರತಿ ಸಲಾನೂ?"

"ಇನ್ನೇನು ಮತ್ತೆ? ಇಲ್ದಿದ್ರೆ ಕಾಲಿಗೆ ಸಿಕ್ಕೊಂಡು ಬೀಳಲ್ವಾ?"

"ಟ್ರಿಗರ್ ಅಂದ್ರೆ ಅಷ್ಟೇ ಕಣೆ. ಅಲೆ ಇಷ್ಟೆತ್ತರ ಬಂದಾಗ ಮಾತ್ರ ಹೊರಡು ಅಂತ ಬೆಳಕಿನ ಚುಕ್ಕೆಗೆ ಹೇಳೋದು. ಪ್ರತಿ ಸಲ ಅಲೆಯ ಅದೇ ಜಾಗದಿಂದ ಹೊರಟ್ರೆ ಚಿತ್ರ ನಿಲ್ಲುತ್ತೆ. ಇಲ್ದಿದ್ರೆ ಜಾರ್ತಾನೇ ಇರುತ್ತೆ."

"ಈ ದೊಡ್ಡ ಗುಂಡಿ?"

"ಟೈಮ್ ಬೇಸ್. ಚುಕ್ಕೆ ಎಷ್ಟು ಜೋರಾಗಿ ಓಡ್ಬೇಕು ಅಂತ. ನಿಧಾನ ಓಡಿಸಿದ್ರೆ ಅಲೆಗಳೆಲ್ಲ ಒತ್ತೊತ್ತಾಗಿ ಕಾಣುತ್ತೆ, ಜೋರಾಗಿ ಓಡಿಸಿದ್ರೆ ಒಂದೇ ಅಲೆ ಅಗಲವಾಗಿ."

ಅಪರೂಪಕ್ಕೊಮ್ಮೆ ಬರುವ ತಪ್ಪನ್ನು ಹಿಡಿಯುವುದು ಹೇಗೆಂದೂ ಅವರೇ ಹೇಳಿಕೊಟ್ಟಿದ್ದರು. ಟ್ರಿಗರ್ ಮಟ್ಟವನ್ನು ಮಾಮೂಲಿ ಅಲೆಗಿಂತ ಮೇಲಕ್ಕೆ ಏರಿಸಬೇಕು, ಆಟೋ ಬಿಟ್ಟು ನಾರ್ಮಲ್‌ಗೆ ಹಾಕಬೇಕು. ಆಗ ಪರದೆ ಕತ್ತಲಾಗುತ್ತದೆ. ಮಟ್ಟ ಮೀರಿದ ತಪ್ಪು ಬಂದಾಗ ಮಾತ್ರ ಗೆರೆ ಮಿಂಚಿ ಮಾಯವಾಗುತ್ತದೆ. ಅಲ್ಲಿಯವರೆಗೆ ಕತ್ತಲೆ ನೋಡುತ್ತಾ ಕೂರುವುದೇ ಕೆಲಸ. ಆಟೋದಲ್ಲಿ ಹಾಗಲ್ಲ, ಏನಾದರೊಂದು ಗೆರೆ ಯಾವಾಗಲೂ ಇರುತ್ತದೆ, ನೋಡುವವರಿಗೆ ಸಮಾಧಾನ, ಆದರೆ ಅಪರೂಪದ ತಪ್ಪು ಅದರ ನಡುವೆ ಕಳೆದುಹೋಗುತ್ತದೆ. ಅಕ್ಕ ಇದನ್ನೆಲ್ಲ ಮನೆಗೆ ಬಂದು ನನಗೆ ಒಪ್ಪಿಸುತ್ತಿದ್ದಳು. ಅವಳಿಗೆ ಗಂಡನ ಬಗ್ಗೆ ಎಷ್ಟು ಹೆಮ್ಮೆ ಎಂದರೆ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಹೀಗಿರುವಾಗ ಅವಳ ಯಂತ್ರ ಕಾಟ ಕೊಡಲು ಶುರುಮಾಡಿತು. ಸೀಸೆ ಬಂದಿದ್ದನ್ನು ಯಂತ್ರದ ಒಂದು ವಿದ್ಯುತ್ ಕಣ್ಣು ನೋಡಿ ಸಂಕೇತ ಕಳಿಸುತ್ತದೆ, ತಲೆ ಕೆಳಗಿಳಿದು ಮುಚ್ಚಳ ಒತ್ತುತ್ತದೆ. ಅದು ಒಮ್ಮೊಮ್ಮೆ ಒಂದೇ ಸೀಸೆಗೆ ಎರಡು ಸಲ ಇಳಿಯುತ್ತಿತ್ತು. ಸೀಸೆ ಪುಡಿಪುಡಿ. ಯಂತ್ರಕ್ಕೆ ಕೈಯಿಂದ ಒತ್ತುವ ಗುಂಡಿಯೂ ಒಂದಿತ್ತು. ಅಕ್ಕ ಮೈಮರೆತು ಅದನ್ನು ಒತ್ತುತ್ತಾಳೆ ಎಂದು ಸೂಪರ್‌ವೈಸರ್ ಕೂಗಾಡಿದ.

"ನಾನು ಮುಟ್ಟಿಲ್ಲ ಸರ್. ತಾನಾಗೇ ಇಳಿಯುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಅವನು ಎಲ್ಲರೆದುರು ಅಂದ. ಅಕ್ಕನ ಮುಖ ಕೆಂಪಗಾಯಿತು. "ನಮ್ಮನೆಯವರನ್ನ ಕರೀರಿ. ಅವರು ನೋಡಿ ಹೇಳಲಿ," ಎಂದಳು.

ಭಾವ ಬಂದರು. ಯಂತ್ರದ ಸುತ್ತ ಜನ ನೆರೆದರು. ಹೆಂಡತಿಯ ಮಾತನ್ನು ಗಂಡನೇ ಪರೀಕ್ಷೆ ಮಾಡುವುದೆಂದರೆ ಯಾರು ತಾನೇ ಬಿಟ್ಟಾರು? ನಾನೂ ಒಂದು ಬೆಲ್ಟು ಕೊಡುವ ನೆಪದಲ್ಲಿ ಅಲ್ಲಿದ್ದೆ. ಭಾವ ಕಣ್ಣಿನ ತಂತಿಗೆ ಕ್ಲಿಪ್ಪು ಹಾಕಿದರು, ನಾರ್ಮಲ್‌ಗೆ ತಿರುಗಿಸಿದರು, ಮಟ್ಟ ಮೇಲೇರಿಸಿದರು. ಪರದೆ ಕತ್ತಲಾಯಿತು. ಸರಿಯಾದ ಕೆಲಸವನ್ನೇ ಮಾಡಿದ್ದರು. ಯಂತ್ರ ಓಡಿತು, ಸೀಸೆಗಳು ಒಂದೊಂದಾಗಿ ಸಾಗಿದವು, ಒಂದೂ ಒಡೆಯಲಿಲ್ಲ. ಪರದೆಯ ಮೇಲೂ ಏನೂ ಬರಲಿಲ್ಲ. ಅಕ್ಕ ಅದನ್ನೇ ನೋಡುತ್ತಾ ನಿಂತಿದ್ದಳು.

"ಡಾಕ್ಟ್ರೇ, ರೋಗಿಗಿಂತ ಮೊದಲು ನಿಮ್ಮ ಟೀವಿನೇ ಸತ್ತೋಯ್ತಲ್ಲ!" ಎಂದು ಯಾರೋ ಹಿಂದಿನಿಂದ ಅಂದರು. ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಸೂಪರ್‌ವೈಸರ್ ಗಡಿಯಾರ ನೋಡಿ, "ಎಲ್ಲರ ಕೆಲಸ ನಿಂತಿದೆ, ಬೇಗ ಮುಗಿಸಪ್ಪ," ಎಂದ.

ಭಾವನ ಕಿವಿ ಕೆಂಪಾಯಿತು. ಅವರಿಗೆ ಕೆಲಸ ಎಷ್ಟು ಗೊತ್ತಿತ್ತೋ ಮರ್ಯಾದೆಯ ಹುಚ್ಚೂ ಅಷ್ಟೇ ಇತ್ತು. ಕೈ ತಾನಾಗಿ ಹೋಯಿತು ಎಂದು ಅವರು ಆಮೇಲೆ ಎಷ್ಟೋ ಸಲ ನನಗೆ ಹೇಳಿದ್ದಾರೆ. ಕೈ ತಾನಾಗಿ ಹೋಗುವುದಿಲ್ಲ, ಭಾವ. ಅವರು ಮಟ್ಟ ಇಳಿಸಿ ಆಟೋಗೆ ಹಾಕಿದರು, ಟೈಮ್ ಬೇಸನ್ನು ನಿಧಾನ ಮಾಡಿದರು. ಹಲ್ಲಿನ ಸಾಲಿನಂತೆ ಅಚ್ಚುಕಟ್ಟಾದ ಗೆರೆ ಪರದೆ ತುಂಬ ಬಂದು ನಿಂತಿತು. ಜನ ಓಹೋ ಎಂದರು. ನಕ್ಕವರೇ ಈಗ ಕತ್ತು ಚಾಚಿ ನೋಡಿದರು.

"ಸಿಗ್ನಲ್ ಕಲ್ಲಿನ ಹಾಗೆ ನಿಂತಿದೆ," ಎಂದರು ಭಾವ. "ಮಷೀನಲ್ಲಿ ಏನೂ ತಪ್ಪಿಲ್ಲ."

ಮಷೀನಲ್ಲಿ ತಪ್ಪಿಲ್ಲ ಎಂದರೆ ತಪ್ಪು ಯಾರದು? ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಮಾರನೆಯ ದಿನವೇ ಅಕ್ಕನನ್ನು ಡಬ್ಬಿ ಅಂಟಿಸುವ ಕಡೆಗೆ ಹಾಕಿದರು. ಸಂಬಳ ಅಷ್ಟೇ, ಆದರೆ ಅಲ್ಲಿ ಕೆಲಸ ಬಾರದವರನ್ನು ಕೂರಿಸುವುದು ವಾಡಿಕೆ. ಅವಳು ಜಗಳ ಆಡಲಿಲ್ಲ, ಅಳಲಿಲ್ಲ. ಊಟದ ಬಿಡುವಿನಲ್ಲಿ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗುವುದನ್ನು ಮಾತ್ರ ನಿಲ್ಲಿಸಿದಳು.

ಆ ಯಂತ್ರಕ್ಕೆ ಹೊಸಬಳು ಬಂದಳು. ಆಗಲೂ ಸೀಸೆ ಒಡೆಯಿತು. ಕೊನೆಗೆ ಸೂಪರ್‌ವೈಸರ್ ತಾನೇ ನಡೆಸಿ ತೋರಿಸುತ್ತೇನೆಂದು ನಿಂತಾಗ ಅವನ ಮೂಗಿನ ಕೆಳಗೇ ಒಂದು ಒಡೆಯಿತು. ಭಾವ ಮತ್ತೆ ಬಂದರು. ಈ ಸಲ ಮಟ್ಟ ಏರಿಸಿ, ಪರದೆ ಕತ್ತಲು ಮಾಡಿ, ಸ್ಟೂಲು ಹಾಕಿಕೊಂಡು ಕೂತರು. ಯಾರು ಏನಂದರೂ ಏಳಲಿಲ್ಲ. ಪಾಳಿ ಮುಗಿಯುವ ಹೊತ್ತಿಗೆ ಸೂಜಿಯಷ್ಟು ತೆಳ್ಳಗಿನ ಗೆರೆಯೊಂದು ಮೇಲಕ್ಕೆ ಚಿಮ್ಮಿ ಮಾಯವಾಯಿತು. ಅದೇ ಗಳಿಗೆಯಲ್ಲಿ ತಲೆ ಎರಡನೆಯ ಸಲ ಇಳಿಯಿತು. ಕಣ್ಣಿನ ತಂತಿಯ ಹೊದಿಕೆ ಯಂತ್ರದ ಅಂಚಿಗೆ ಉಜ್ಜಿ ಉಜ್ಜಿ ಸವೆದಿತ್ತು, ಒಳಗಿನ ತಂತಿ ಅಂಚಿಗೆ ತಗಲಿದಾಗ ಸುಳ್ಳು ಸಂಕೇತ ಹೊರಡುತ್ತಿತ್ತು. ಬೆರಳಷ್ಟು ಟೇಪು ಸುತ್ತಿದರೆ ಮುಗಿಯುವ ಕೆಲಸ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಭಾವ ಡಬ್ಬಿಯ ವಿಭಾಗಕ್ಕೆ ಓಡಿದರು. ಎಲ್ಲರಿಗೂ ಕೇಳುವ ಹಾಗೆ, "ನೀನು ಹೇಳಿದ್ದೇ ನಿಜ ಕಣೆ. ಅವತ್ತು ಸಿಗ್ನಲ್ ನನಗೆ ಮೋಸ ಮಾಡ್ತು," ಎಂದರು.

ಅಕ್ಕನ ಬೆರಳುಗಳಲ್ಲಿ ಅಂಟು ಮೆತ್ತಿಕೊಂಡಿತ್ತು. ಅದನ್ನು ಬಟ್ಟೆಗೆ ಒರೆಸಿಕೊಂಡು, ಅವರಿಗಷ್ಟೇ ಕೇಳುವಂತೆ ಹೇಳಿದಳು. ಭಾವನ ಹಿಂದೆಯೇ ಓಡಿಬಂದಿದ್ದ ನನಗೂ ಕೇಳಿಸಿತು.

"ಸಿಗ್ನಲ್ ಏನೂ ಮಾಡ್ಲಿಲ್ಲ. ಅವರು ನಕ್ಕಾಗ ನೀವು ಗುಂಡಿ ತಿರುಗಿಸಿದ್ದು ನಾನು ನೋಡ್ದೆ."

ಪಾಠ ಹೇಳಿಕೊಟ್ಟವರೇ ಅವರಲ್ಲವೇ? ಅಲ್ಲಿ ನೆರೆದವರಲ್ಲಿ ಆ ಕತ್ತಲೆಯ ಅರ್ಥ ಗೊತ್ತಿದ್ದವಳು ಅವಳೊಬ್ಬಳೇ. ಸೂಪರ್‌ವೈಸರ್ ಯಂತ್ರ ವಾಪಸ್ ಕೊಡುತ್ತೇನೆಂದ. ಅವಳು ಬೇಡವೆಂದಳು, ಕೆಲಸ ಬಿಡುವವರೆಗೂ ಡಬ್ಬಿಯನ್ನೇ ಅಂಟಿಸಿದಳು.

ಅವರ ಸಂಸಾರ ಕೆಟ್ಟಿತು ಎಂದು ಯಾರೂ ಹೇಳಲಾರರು. ಹೊತ್ತಿಗೆ ಸರಿಯಾಗಿ ಅಡುಗೆ, ಮಾತು, ನಗು ಎಲ್ಲ ಇತ್ತು. ಅಕ್ಕ ಗಂಡನ ಹತ್ತಿರ ದೂರು ಹೇಳುವುದನ್ನು ಮಾತ್ರ ಬಿಟ್ಟಿದ್ದಳು. ತಲೆನೋವೇ, ನಲ್ಲಿಯ ಸೋರಿಕೆಯೇ, ಪಕ್ಕದ ಮನೆಯವರ ಕೊಂಕೇ, ಏನಾಯಿತೆಂದು ಕೇಳಿದರೆ "ಏನಿಲ್ಲ ಬಿಡಿ" ಎನ್ನುತ್ತಿದ್ದಳು. "ಒಂದ್ಸಲ ಬಾಯಿತುಂಬ ಬೈದಿದ್ರೂ ಸಾಕಿತ್ತು ಕಣೋ," ಎಂದು ಭಾವ ನನ್ನ ಮುಂದೆ ಕಣ್ಣೀರು ಹಾಕಿದ್ದಾರೆ. ಅವರ ಮೇಲೆ ನನಗೆ ಕೋಪವಿದೆ. ಆದರೂ ಆ ದಿನ ಅವರನ್ನು ಮನೆಯವರೆಗೂ ಬಿಟ್ಟು ಬಂದೆ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಇಬ್ಬರೂ ಈಗ ಕೆಲಸದಿಂದ ನಿವೃತ್ತರು. ಅಕ್ಕ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಮಹಡಿಯ ಮೆಟ್ಟಿಲು ಹತ್ತುತ್ತಿದ್ದವಳು ಥಟ್ಟನೆ ಕುಸಿದಳು. ನಾನು ಓಡಿಹೋಗಿ ಹಿಡಿದೆ.

"ಆಗಾಗ ಮಂಡಿ ಹೀಗೆ ಬಿಟ್ಟುಬಿಡುತ್ತೆ. ಯಾವಾಗ ಅಂತ ಹೇಳಕ್ಕಾಗಲ್ಲ," ಎಂದಳು.

"ಎಷ್ಟು ದಿನದಿಂದ ಅಕ್ಕಾ?"

"ವರ್ಷ ಆಯ್ತೇನೋ."

"ಭಾವನಿಗೆ ಹೇಳಿಲ್ವಾ?"

"ಹೇಳಿದ್ರೆ ನೋಡ್ತೀನಿ ಅಂತಾರೆ. ಅವರು ನೋಡೋವಾಗ ಸರಿಯಾಗೇ ಇರುತ್ತೆ. ಆಮೇಲೆ?"

ಭಾವ ಕೆಳಗಿನ ಮೆಟ್ಟಿಲ ಹತ್ತಿರ ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ನಾನು ನೋಡೋದು ಬೇಡ ಕಣೆ," ಎಂದರು. "ನೀನು ಹೇಳಿದ್ರೆ ಸಾಕು. ನಂಬ್ತೀನಿ. ಡಾಕ್ಟರ ಹತ್ರ ಹೋಗೋಣ, ಏಳು." ಮೇಲೆ ಬಂದು ಎರಡೂ ಕೈ ಚಾಚಿದರು.

"ನಾಳೆ ನೋಡೋಣ ಬಿಡಿ," ಎಂದಳು ಅಕ್ಕ. ಬಕೆಟ್ಟನ್ನು ಅವರ ಕೈಗೆ ಕೊಟ್ಟಳು. ತಾನು ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.