ಬಣ್ಣ ಹಿಡಿಯದ ಕುದುರೆ

ಗಂಡ ಸತ್ತು ಮೂರು ತಿಂಗಳಾದ ಮೇಲೆ ಕುಲ್ಸುಂ ಬೀ ಕಿವಿಗೆ ಒಂದು ಮಾತು ಬಿತ್ತು. ಅವಳ ಗಂಡ ಮೋಸಗಾರನಂತೆ. ಬದುಕಿದ್ದಾಗ ಯಾರೂ ಅನ್ನದ ಮಾತು. ಸತ್ತವನು ಎದ್ದು ಬಂದು ಜಗಳ ಆಡುವುದಿಲ್ಲ ಎಂದು ಗೊತ್ತಾದ ಮೇಲೆ ಅಂದರು.

ಗಂಡ ರಹಮತ್ ಉಲ್ಲಾ ಗುಬ್ಬಿಯವನು. ಅಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಫ್ಲೆಕ್ಸ್ ಬಂದು ಆ ಕೆಲಸ ನಿಂತಿತು. ಹೆಂಡತಿ ಮತ್ತು ಮಗಳು ಅಂಬ್ರೀನ್ ಜೊತೆ ತುಮಕೂರಿಗೆ ಬಂದು ಶಿರಾ ಗೇಟ್ ಹಿಂದಿನ ಗಲ್ಲಿಯಲ್ಲಿ ಮನೆ ಹಿಡಿದ. ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ತಗಡು. ಚನ್ನೇಶ್ ಅನ್ನುವವರದ್ದು ಒಂದು ಸಣ್ಣ ಆಟಿಕೆ ಕಾರ್ಖಾನೆ ಇತ್ತು. ಅಲ್ಲಿಂದ ಬಿಳಿ ಪ್ಲಾಸ್ಟಿಕ್ ಕುದುರೆಗಳು ಮೂಟೆಯಲ್ಲಿ ಬರುತ್ತಿದ್ದವು. ಕಣ್ಣು, ಜೀನು, ಗೊರಸು, ಇಷ್ಟಕ್ಕೆ ಬಣ್ಣ ಹಾಕಿ ಕೊಡಬೇಕು.

ಆ ಪ್ಲಾಸ್ಟಿಕ್ ಬಣ್ಣಕ್ಕೆ ಒಗ್ಗುವಂಥದ್ದಲ್ಲ. ಬಕೆಟ್ಟು, ಡಬ್ಬಿ ಮುಚ್ಚಳ ಮಾಡುತ್ತಾರಲ್ಲ, ಅದೇ ಜಾತಿ. ಮುಟ್ಟಿದರೆ ಮೇಣದ ಹಾಗೆ ಜಾರುತ್ತದೆ. ಅದರ ಮೇಲೆ ನೀರು ಹಾಕಿದರೆ ಮಣಿ ಮಣಿಯಾಗಿ ಉರುಳಿ ಹೋಗುತ್ತದೆ. ನೀರನ್ನೇ ಹತ್ತಿರ ಸೇರಿಸದ್ದು ಬಣ್ಣವನ್ನು ಸೇರಿಸೀತೇ? ಹಾಕಿದಾಗ ಚೆನ್ನಾಗಿ ಕಾಣುತ್ತದೆ. ಒಣಗಿದ ಮೇಲೆ ಉಗುರು ತಾಗಿದರೆ ಈರುಳ್ಳಿ ಸಿಪ್ಪೆಯಂತೆ ಎದ್ದು ಬರುತ್ತದೆ.

ರಹಮತ್ ಉಲ್ಲಾ ಮೊದಲ ಮೂಟೆಯಲ್ಲೇ ಸೋತ. ಸುಮ್ಮನೆ ಕೂರುವ ಮನುಷ್ಯ ಅಲ್ಲ. ಕಾರಿನ ಬಂಪರಿಗೆ ಬಣ್ಣ ಹೊಡೆಯುವವರ ಹತ್ತಿರ ಹೋಗಿ ಕೇಳಿದ. ಒಬ್ಬ ಹೇಳಿದ, ಗ್ಯಾಸಿನ ನೀಲಿ ಉರಿಯ ಮೇಲೆ ಬೇಗ ಆಡಿಸು, ಆಮೇಲೆ ಬಣ್ಣ ಹಿಡಿಯುತ್ತೆ ಅಂತ. ಬೇಗ ಅಂದರೆ ಎಷ್ಟು ಬೇಗ? ಅದನ್ನು ಕಂಡುಕೊಳ್ಳಲು ಅವನಿಗೆ ಒಂದು ವಾರ ಹಿಡಿಯಿತು. ಕೊನೆಗೆ ಸಿಕ್ಕ ಲೆಕ್ಕ ಇದು. ಒಂದು ಮಗ್ಗುಲಿಗೆ ಒಂದು ಸಲ ಬಿಸ್ಮಿಲ್ಲಾ ಅನ್ನುವಷ್ಟು ಹೊತ್ತು. ಅರ್ಧಕ್ಕೆ ತೆಗೆದರೆ ಏನೂ ಆಗದು. ಎರಡು ಸಲ ಅಂದರೆ ಕುದುರೆ ಕಿವಿ ಕರಗುತ್ತದೆ. ಸರಿಯಾಗಿ ಉರಿ ತೋರಿಸಿದ ಕುದುರೆ ಮೇಲೆ ನೀರು ಮಣಿಯಾಗುವುದಿಲ್ಲ, ತೆಳ್ಳಗೆ ಹರಡಿಕೊಳ್ಳುತ್ತದೆ. ಅಲ್ಲಿಗೆ ಬಣ್ಣವೂ ಕೂರುತ್ತದೆ.

ಆರು ವರ್ಷ ಹೀಗೇ ನಡೆಯಿತು. ಬೆಳಿಗ್ಗೆ ಅವನು ಉರಿ ತೋರಿಸುತ್ತಿದ್ದ, ಮಧ್ಯಾಹ್ನದೊಳಗೆ ಅವಳು ಬಣ್ಣ ಹಾಕುತ್ತಿದ್ದಳು, ಸಂಜೆ ಮೂಟೆ ಹೊರಡುತ್ತಿತ್ತು. ಕುದುರೆ ಉಳಿದರೆ ಮನುಷ್ಯರು ಮಲಗಲು ಜಾಗ ಇರುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಎರಡು ಮೂಟೆಗೆ ಉರಿ ತೋರಿಸಿ ಮುಗಿಸಿ, ಒಲೆ ಆರಿಸಿ, ಎದೆ ಹಿಡಿದುಕೊಂಡು ಗೋಡೆಗೆ ಒರಗಿದ. ಆಟೋ ಬರುವಷ್ಟರಲ್ಲಿ ಹೋಗಿದ್ದ.

ಕುಲ್ಸುಂ ಬೀ ಇದ್ದತ್ ಕೂತಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ. ಮನೆಯೊಳಗೆ ಕೂತು ಬಣ್ಣ ಹಾಕಬಹುದಿತ್ತು. ಅವಳು ಹಾಕಲಿಲ್ಲ. ಆ ಎರಡು ಮೂಟೆಗಳನ್ನು ಕೊನೆಗೆ ಮುಟ್ಟಿದ್ದು ಅವನ ಕೈ. ಬಿಚ್ಚಲು ಅವಳ ಕೈ ಏಳಲಿಲ್ಲ. ಅಟ್ಟದ ಮೇಲೆ ತಗಡಿನ ಕೆಳಗೆ ಬಿದ್ದಿದ್ದವು. ಎರಡು ತಿಂಗಳಾದ ಮೇಲೆ ಚನ್ನೇಶ್ ಟೆಂಪೋ ಕಳಿಸಿದರು. ಹೇಗೂ ಉರಿ ತೋರಿಸಿ ಆಗಿದೆ, ಬಣ್ಣ ಕಾರ್ಖಾನೆಯಲ್ಲೇ ಹಾಕಿಸುತ್ತೇನೆ ಎಂದು ತರಿಸಿಕೊಂಡರು. ಅವಳೂ ಹೂಂ ಅಂದಳು.

ಮುಂದಿನ ತಿಂಗಳು ಕುಣಿಗಲ್‌ನಿಂದ ಹನುಮಂತಮ್ಮ ಬಂದಳು. ಬಸ್‌ಸ್ಟ್ಯಾಂಡ್ ಪಕ್ಕ ಆಟಿಕೆ ಮಾರುವ ಹೆಂಗಸು. ಕೈಯಲ್ಲಿ ಒಂದು ಚೀಲ.

"ಬೂಬಮ್ಮಾ, ಒಳಗಿದೀಯಾ?"

"ಒಳಗಿಲ್ದೆ ಎಲ್ಲೋಗ್ಲಿ ಅಕ್ಕ? ಬನ್ನಿ."

ಹನುಮಂತಮ್ಮ ಚೀಲ ಬೋರಲು ಹಾಕಿದಳು. ಕುದುರೆಗಳು ಉದುರಿದವು. ಒಂದಕ್ಕೆ ಅರ್ಧ ಜೀನು. ಇನ್ನೊಂದಕ್ಕೆ ಒಂದೇ ಕಣ್ಣು.

"ನೋಡು ಚಂದಾನ. ಒಬ್ಳು ಮಗೀಗೆ ಕೊಡ್ಸಿದ್ಲು. ಬಸ್ಸು ಹೊರಡೋ ಹೊತ್ಗೆ ಜೀನು ಮಗೀನ ಬಾಯಲ್ಲಿ. ಬಸ್ ನಿಲ್ಲುಸ್ಕಂಡು ಇಳ್ದು ಬಂದು ನಂಗೆ ಬಾಯ್ಗೆ ಬಂದಂಗೆ ಅಂದ್ಲು. ನಮ್ದು ಕುದ್ರೆ ಊರು ಕಣವ್ವ. ಕುಣಿಗಲ್ನೋರ್ಗೆ ಕುದ್ರೇಲಿ ಮೋಸ ಮಾಡಿದ್ರೆ ಬುಟ್ಟಾರಾ?"

"ಚನ್ನೇಶಣ್ಣಂಗೆ ತೋರ್ಸುದ್ರಾ?"

"ಅಲ್ಲಿಂದ್ಲೇ ಬಂದೆ. ಮಹಾಲಿಂಗಯ್ಯನ ಟೀ ಅಂಗ್ಡೀಲಿ ಸಿಕ್ದ." ಹನುಮಂತಮ್ಮ ದನಿ ಇಳಿಸಿದಳು. "ಹತ್ತು ಜನದ ಮುಂದೆ ಅಂದ ಕಣವ್ವ. ಆ ರಹಮತ್ತು ಉರೀನೇ ತೋರುಸ್ದಂಗೆ, ತೋರ್ಸಿದೀನಿ ಅಂತ ಮೂಟೆ ಕಟ್ಟಿಟ್ಟು, ಮೋಸ ಮಾಡಿ ಸತ್ತವ್ನೆ ಅಂದ. ಗುಬ್ಬಿ ಅಂಗ್ಡಿ ರಾಮಾಂಜಿನಯ್ಯಂಗೂ ಫೋನ್ ಮಾಡಿ ಅದ್ನೇ ಹೇಳ್ದ."

"ಸುಳ್ಳು."

"ನಂಗೇನ್ ಗೊತ್ತು. ಅಂದಿದ್ ಹೇಳ್ದೆ."

ಕುಲ್ಸುಂ ಬೀ ಒಂದು ಕುದುರೆ ಎತ್ತಿಕೊಂಡು ಜೀನು ಕೆರೆದಳು. ಪೂರ್ತಿ ಎದ್ದು ಬಂತು. ಕೆಳಗಿನ ಬಿಳಿಯ ಮೇಲೆ ಲೋಟದಿಂದ ನೀರು ಹಾಕಿದಳು. ನೀರು ಮಣಿಯಾಯಿತು. ಉರುಳಿ ಅವಳ ಸೀರೆ ಮೇಲೆ ಬಿತ್ತು. ಉರಿ ಕಾಣದ ಪ್ಲಾಸ್ಟಿಕ್ ಹೇಗೆ ಮಾಡುತ್ತದೋ ಹಾಗೇ.

ಒಂದು ಗಳಿಗೆ ಅವಳಿಗೂ ಅನುಮಾನ ಬಂತು. ಗಂಡ ಸತ್ತ ದಿನಕ್ಕಿಂತ ಆ ಗಳಿಗೆ ಕೆಟ್ಟದಾಗಿತ್ತು.

ಆದರೆ ಆ ಬೆಳಿಗ್ಗೆ ಒಂದೊಂದೇ ಕುದುರೆ ಎತ್ತಿ ಅವನ ಕೈಗೆ ಕೊಟ್ಟವಳು ಅವಳೇ. ಬಿಸ್ಮಿಲ್ಲಾ, ಬಿಸ್ಮಿಲ್ಲಾ ಎಂದು ಅವನು ಅಂದಿದ್ದನ್ನು ಕೇಳಿದವಳೂ ಅವಳೇ. ಉರಿ ತೋರಿಸಿದ್ದು ನಿಜ. ನೀರು ಉರುಳಿದ್ದೂ ನಿಜ. ಎರಡೂ ನಿಜ ಆಗುವುದು ಹೇಗೆ?

ಓದಿದವಳಲ್ಲ. ಅವಳಿಗೆ ಗೊತ್ತಿದ್ದುದು ಒಲೆ. ಸುಟ್ಟ ಹಪ್ಪಳ ಆಗಲೇ ತಿಂದರೆ ಗರಿಗರಿ. ಹೊರಗಿಟ್ಟರೆ ಮೆತ್ತಗಾಗುತ್ತದೆ. ಸುಟ್ಟಿದ್ದು ಸುಳ್ಳಲ್ಲ, ಇಟ್ಟಿದ್ದು ತಪ್ಪು. ಆರು ವರ್ಷದಲ್ಲಿ ಒಂದು ಕುದುರೆಯೂ ಉರಿ ಕಂಡ ಮೇಲೆ ಈ ಮನೆಯಲ್ಲಿ ಉಳಿದಿರಲಿಲ್ಲ. ಉರಿಯ ಗುಣ ಎಷ್ಟು ದಿನ ನಿಲ್ಲುತ್ತದೆ ಎಂದು ಕೇಳುವ ಸಂದರ್ಭ ರಹಮತ್ ಉಲ್ಲಾನಿಗೂ ಬಂದಿರಲಿಲ್ಲ, ಅವಳಿಗೂ ಬಂದಿರಲಿಲ್ಲ.

"ಅಕ್ಕ, ಇನ್ನೊಂದ್ ಗಂಟೆ ಕೂತ್ಕೊಳ್ಳಿ" ಅಂದಳು.

ಮಂಚದ ಕೆಳಗೆ ಉರಿ ಕಾಣದ ಬಿಳಿ ಕುದುರೆಗಳು ಸ್ವಲ್ಪ ಉಳಿದಿದ್ದವು. ಅವಳು ಒಲೆ ಹಚ್ಚಿದಳು. ಈ ಕೆಲಸ ಯಾವತ್ತೂ ಮಾಡಿದವಳಲ್ಲ, ಅವಳದ್ದು ಬರೀ ಬ್ರಷ್ಷು. ಮೊದಲನೆಯದರ ಕಿವಿ ಕರಗಿ ಉದ್ದವಾಯಿತು.

"ಇದು ಕತ್ತೆ ಆಯ್ತು ಬುಡು" ಅಂದಳು ಹನುಮಂತಮ್ಮ.

ಎರಡನೆಯದು ಬೆರಳು ಸುಟ್ಟಿತು. ಐದನೆಯದಕ್ಕೆ ಕೈ ಹದ ಹಿಡಿಯಿತು. ನೀರು ಹಾಕಿದರೆ ಹರಡಿತು. ಅಂಥವು ಆರು ಮಾಡಿ ಹನುಮಂತಮ್ಮನ ಮುಂದಿಟ್ಟಳು.

"ಇವಕ್ಕೆ ನೀವೇ ದಾರ ಕಟ್ಟಿ. ನಿಮ್ಗೆ ಗುರ್ತು ಸಿಗೋ ಗಂಟು ಹಾಕಿ. ಚೀಲದಲ್ಲಿ ಕಟ್ಟಿ ನಿಮ್ ಅಂಗ್ಡಿ ತಗಡಿನ ಕೆಳಗಿಡಿ. ನನ್ ಇದ್ದತ್ ಮುಗಿಯೋಕೆ ನಲವತ್ತು ದಿನ ಐತೆ. ಅವತ್ತು ಟೀ ಅಂಗ್ಡಿಗೆ ತಗೊಂಬನ್ನಿ."

"ಇದ್ರಿಂದ ನಂಗೇನ್ ಲಾಭ?"

"ಏನೂ ಇಲ್ಲ."

"ಹಂಗಾರೆ ಕೊಡು. ಲಾಭ ಐತೆ ಅಂದಿದ್ರೆ ಅನುಮಾನ ಬರ್ತಿತ್ತು."

ಹತ್ತು ದಿನ ಬಿಟ್ಟು ಚನ್ನೇಶ್ ತಾವೇ ಬಾಗಿಲಿಗೆ ಬಂದರು. ಹಣೆ ತುಂಬ ವಿಭೂತಿ, ಮೆತ್ತನೆ ಮಾತು. ಅವಳು ಪರದೆ ಹಿಂದೆ ನಿಂತಳು.

"ಹೋಗಿದ್ ಹೋಯ್ತು ಕುಲ್ಸುಂ ಬೀ. ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ಇನ್ಮೇಲೆ ಬಣ್ಣಾನೇ ಬೇಡ, ಸ್ಟಿಕ್ಕರ್ ಹಾಕುಸ್ತೀನಿ. ನೀವು ಮನೇಲೇ ಕೂತು ಅಂಟ್ಸಿ. ಮಗಳು ಬೇರೆ ಓದ್ತಾವ್ಳೆ."

"ನೀವು ಮನಸ್ಸಲ್ಲಿ ಇಟ್ಕೊಂಡಿಲ್ಲ. ನಾನು ಇಟ್ಕೊಂಡಿದೀನಿ."

"ಅದ್ಯಾಕಮ್ಮ ಹಂಗಂತೀರಾ?"

"ನಮ್ಮೋರು ಉರಿ ತೋರ್ಸಿದ್ರು. ನೀವು ಇಲ್ಲ ಅಂದ್ರಿ. ಸ್ಟಿಕ್ಕರ್ ಮುಟ್ಟಿದ್ರೆ ನಾನೂ ಇಲ್ಲ ಅಂದಂಗೆ. ಹೋಗ್ಬನ್ನಿ ಅಣ್ಣ."

ಅವರು ಹೋದ ಮೇಲೆ ಅಂಬ್ರೀನ್ ಸಿಡುಕಿದಳು. "ಅಮ್ಮಿ, ಬಂದ ಕೆಲ್ಸ ವಾಪಸ್ ಕಳುಸ್ತೀಯಲ್ಲ. ಕಾಲೇಜ್ ಫೀಸು?"

"ನಿನ್ ಕಾಲೇಜಲ್ಲಿ ಅಪ್ಪನ ಹೆಸರು ಕೇಳ್ತಾರಲ್ವಾ?"

"ಕೇಳ್ತಾರೆ."

"ಅದಕ್ಕೇ."

ಉಳಿದ ಒಂದು ತಿಂಗಳು ಅವಳು ಸುಮ್ಮನೆ ಕೂರಲಿಲ್ಲ. ಹಳೆ ಡಬ್ಬಿ ಮುಚ್ಚಳಗಳನ್ನು ಗಲ್ಲಿಯಿಂದ ತರಿಸಿಕೊಂಡು ದಿನವೂ ಉರಿ ಅಭ್ಯಾಸ ಮಾಡಿದಳು. ಇದ್ದತ್ತಿನಲ್ಲಿ ಇದೇನು ಹುಚ್ಚು ಎಂದು ಅಕ್ಕಪಕ್ಕದವರು ಅಂದರು. ಅಳುವುದಕ್ಕೆ ಕೈ ಬೇಕಾಗಿಲ್ಲ, ಕೈ ಬಿಡುವಾಗೇ ಇದೆ ಅಂದಳು.

ಇದ್ದತ್ ಮುಗಿದ ದಿನ ತವರಿಗೆ ಕರೆದುಕೊಂಡು ಹೋಗಲು ಅಣ್ಣ ಗುಬ್ಬಿಯಿಂದ ಬಂದ. ಸಂಜೆ ಹೊರಡೋಣ ಎಂದು ಕೂರಿಸಿ, ಬುರ್ಖಾ ಹಾಕಿಕೊಂಡು ಅಂಬ್ರೀನ್ ಜೊತೆ ಬೀದಿಗಿಳಿದಳು. ನಾಲ್ಕು ತಿಂಗಳ ಮೇಲೆ ಬಿಸಿಲು ಕಣ್ಣಿಗೆ ಚುಚ್ಚಿತು. ಲಾರಿ ಹಾರ್ನಿಗೆ ಕಾಲು ತಡೆಯಿತು. ನಿಲ್ಲಲಿಲ್ಲ.

ಮಹಾಲಿಂಗಯ್ಯನ ಟೀ ಅಂಗಡಿಯಲ್ಲಿ ಹತ್ತು ಗಂಟೆಯ ಜನ ಇತ್ತು. ಟೆಂಪೋದವರು, ಗ್ಯಾರೇಜಿನವರು. ಚನ್ನೇಶ್ ದಿನವೂ ಕೂರುವ ಬೆಂಚಿನಲ್ಲೇ ಕೂತಿದ್ದರು. ಹನುಮಂತಮ್ಮ ಆಗಲೇ ಬಂದು ಬನ್ನು ತಿನ್ನುತ್ತಿದ್ದಳು.

"ಮಹಾಲಿಂಗಣ್ಣ, ಒಂದು ಒಲೆ ಐದು ನಿಮಿಷ ಕೊಡಿ" ಅಂದಳು ಕುಲ್ಸುಂ ಬೀ.

"ಟೀ ನಾನೇ ಮಾಡ್ಕೊಡ್ತೀನಲ್ಲಮ್ಮ."

"ಟೀ ಬೇಡ. ಕುದ್ರೆ ಸುಡ್ಬೇಕು."

ಜನ ನಕ್ಕರು. ಮಹಾಲಿಂಗಯ್ಯ ಹಾಲಿನ ಪಾತ್ರೆ ಇಳಿಸಿ ಜಾಗ ಬಿಟ್ಟ. ಅವಳು ಮೂರು ಬಿಳಿ ಕುದುರೆಗಳಿಗೆ ಎಲ್ಲರೆದುರು ಉರಿ ತೋರಿಸಿದಳು. ನೀರು ಹಾಕಿದಳು, ಹರಡಿತು. ಹನುಮಂತಮ್ಮನ ಆರು ಕುದುರೆಗಳನ್ನು ಪಕ್ಕದಲ್ಲಿಟ್ಟು ನೀರು ಹಾಕಿದಳು, ಉರುಳಿತು.

"ಇವು ನಲವತ್ತು ದಿನದ ಹಿಂದೆ ಉರಿ ಕಂಡಿರೋವು" ಅಂದಳು.

ಚನ್ನೇಶ್ ಕಾಲ ಮೇಲೆ ಕಾಲು ಹಾಕಿದರು. "ಕಂಡಾವೆ ಅನ್ನೋಕೆ ಸಾಕ್ಷಿ ಏನಮ್ಮ? ನೀವು ಹೇಳಿದ್ದೇ?"

"ನಾನ್ ಕಣಪ್ಪ ಸಾಕ್ಷಿ" ಅಂದಳು ಹನುಮಂತಮ್ಮ, ಬಾಯಲ್ಲಿ ಬನ್ನು. "ನನ್ ಕಣ್ಮುಂದೆ ಸುಟ್ಲು, ನೀರು ಹಾಕಿದ್ಲು, ಹರಡ್ತು. ಗಂಟು ನಂದು, ಬೇಕಾರೆ ಬಿಚ್ಚಿ ನೋಡು, ನನ್ ಗಂಡನೂ ಬಿಚ್ಚಕ್ಕಾಗಿಲ್ಲ. ಇಷ್ಟು ದಿನ ನನ್ ಅಂಗ್ಡೀಲೇ ಇದ್ವು. ನಂಗೂ ನಷ್ಟ ಆಗೈತೆ, ಸುಳ್ಳು ಹೇಳಿ ನಂಗೇನಾಗ್ಬೇಕು?"

ಅಂಬ್ರೀನ್ ನೀರು ಒರೆಸಿ ಒಂಬತ್ತಕ್ಕೂ ಕೆಂಪು ಜೀನು ಬರೆದಳು. ಒಣಗಲು ಇಪ್ಪತ್ತು ನಿಮಿಷ. ಯಾರೂ ಏಳಲಿಲ್ಲ. ಒಬ್ಬ ಟೆಂಪೋದವನು ಲೋಡು ಬಿಟ್ಟು ಎರಡನೇ ಟೀ ಹೇಳಿದ. ಕುಲ್ಸುಂ ಬೀ ನಿಂತೇ ಇದ್ದಳು.

ಆಮೇಲೆ ಗಮ್ ಟೇಪು ತೆಗೆದು ಚನ್ನೇಶ್ ಕೈಗೇ ಕೊಟ್ಟಳು. "ನೀವೇ ಅಂಟ್ಸಿ ಕೀಳಿ. ನಾನ್ ಮುಟ್ಟಲ್ಲ."

ಅವತ್ತಿನ ಮೂರರಲ್ಲಿ ಒಂದರ ಬಣ್ಣವೂ ಕದಲಲಿಲ್ಲ. ಹಳೆಯ ಆರರಲ್ಲಿ ನಾಲ್ಕರ ಜೀನು ಟೇಪಿನ ಜೊತೆ ಬಂತು. ಎರಡರದ್ದು ಅಂಚು ಮಾತ್ರ ಎದ್ದಿತು.

"ಎರಡು ನಿಂತ್ಕೊಂಡ್ವಲ್ಲ" ಅಂದರು ಚನ್ನೇಶ್.

"ನಿಂತ್ಕೊಂಡ್ವು. ಅದನ್ನೂ ಹೇಳ್ತೀನಿ, ಮುಚ್ಚಿಡಲ್ಲ. ಇವು ನಲವತ್ತು ದಿನ ಇದ್ದಿದ್ದು. ನಮ್ಮೋರು ಉರಿ ತೋರ್ಸಿದ್ ಮೂಟೆ ನಮ್ಮನೇಲಿ ಎರಡು ತಿಂಗ್ಳು ಇದ್ವು." ಜೀನು ಕಳಚಿದ ನಾಲ್ಕನ್ನೂ ತನ್ನ ಕಡೆಗೆ ಸರಿಸಿಕೊಂಡಳು. "ಮೂಟೆ ಬಿಚ್ಚಿ ಬಣ್ಣ ಹಾಕ್ದೇ ಇದ್ದೋಳು ನಾನು. ತಪ್ಪು ಅಂದ್ರೆ ನಂದು. ನನ್ನ ಬೈಯಿರಿ. ಅವರನ್ನ ಬೈಬೇಡಿ."

ಚನ್ನೇಶ್ ಟೇಪನ್ನು ಬೆರಳಿಂದ ಬಿಡಿಸಿಕೊಳ್ಳುತ್ತಾ ಕೂತರು. ಅದು ಇನ್ನೊಂದು ಬೆರಳಿಗೆ ಅಂಟಿತು.

"ಆಯ್ತಮ್ಮ. ನಂಗೂ ಗೊತ್ತಿರ್ಲಿಲ್ಲ. ಬುಡಿ."

"ಬುಡಲ್ಲ. ಅವತ್ತು ಹೆಂಗೆ ಹೇಳಿದ್ರೋ ಹಂಗೇ ಹೇಳಿ. ಇವರಿಗೆಲ್ಲ ಕೇಳಂಗೆ."

"ಅವನು ಉರಿ ತೋರ್ಸಿದ್ದ."

"ಅವನು ಅಂದ್ರೆ ಯಾರು? ಹೆಸರಿಲ್ವಾ?"

ಚನ್ನೇಶ್ ಮುಖ ಕೆಂಪಾಯಿತು. ಮಹಾಲಿಂಗಯ್ಯ ಲೋಟ ಒರೆಸುವುದನ್ನು ನಿಲ್ಲಿಸಿ ಅವರನ್ನೇ ನೋಡಿದ.

"ರಹಮತ್ ಉಲ್ಲಾ ಉರಿ ತೋರ್ಸಿದ್ರು. ಮೋಸ ಮಾಡಿಲ್ಲ" ಅಂದರು ಚನ್ನೇಶ್. ಜೋರಾಗಿಯೇ ಅಂದರು.

"ಗುಬ್ಬಿಗೂ ಫೋನ್ ಮಾಡಿದ್ರಂತೆ. ನಮ್ಮೋರ ಹುಟ್ಟೂರು ಅದು. ಮಾಡಿ ಈಗ. ಸ್ಪೀಕರ್ ಹಾಕಿ."

"ಇದು ಜಾಸ್ತಿ ಆಯ್ತು ಕುಲ್ಸುಂ ಬೀ."

"ಸತ್ತೋರ ಮೇಲೆ ಹಾಕಿದ್ದು ಕಮ್ಮಿ ಆಗಿತ್ತಾ?"

ಅವರು ಸುತ್ತ ನೋಡಿದರು. ಯಾರೂ ಅವರ ಪರ ಬರಲಿಲ್ಲ. ಫೋನ್ ತೆಗೆದರು. ಆ ಕಡೆ ರಾಮಾಂಜಿನಯ್ಯ ಎತ್ತಿದ. ಚನ್ನೇಶ್ ಹೇಳಬೇಕಾದ್ದನ್ನು ಹೆಸರು ಹಿಡಿದೇ ಹೇಳಿದರು. ಆ ಕಡೆಯಿಂದ ಎರಡು ಸಲ ಹೂಂ ಬಂತು.

"ಹೂಂ, ಸರಿ. ಪಾಪ, ಒಳ್ಳೆ ಮನುಷ್ಯ. ಅದಿರ್ಲಿ, ಕುದ್ರೆ ಯಾವಾಗ ಕಳುಸ್ತೀರಾ? ಸ್ಟಿಕ್ಕರ್‌ದು ಬೇಡ ಕಣ್ರೀ, ಮಕ್ಳು ಕಿತ್ತು ಗೋಡೆಗೆ ಅಂಟುಸ್ತವೆ."

ಚನ್ನೇಶ್ ಫೋನಿಗೆ ಕೈ ಅಡ್ಡ ಹಿಡಿದು ಕುಲ್ಸುಂ ಬೀ ಕಡೆ ನೋಡಿದರು. "ಉರಿ ಯಾರು ತೋರುಸ್ತಾರೆ?"

"ಈಗ ಯಾರು ತೋರ್ಸಿದ್ದು ಕಾಣ್ಲಿಲ್ವಾ?" ಅವಳು ಕುದುರೆಗಳನ್ನು ಚೀಲಕ್ಕೆ ತುಂಬಿದಳು. "ಮೂಟೆ ಬೆಳಿಗ್ಗೆ ಕಳ್ಸಿ, ಸಂಜೆ ತಗೊಂಡೋಗಿ. ಒಂದಿನಾನೂ ಇಟ್ಕೊಳ್ಳಲ್ಲ. ನಾಳೆ ಬೇಡ, ನಾಳಿದ್ದು. ಇವತ್ತು ಗುಬ್ಬಿಗೆ ಹೋಗ್ತಾ ಇದೀನಿ."